ಇಬ್ಬರಿಗೆ ಸಾಕಾಗುವ ಜಾಗ

ಕಂತು ಆರು

ಗೂಟ ಸಲೀಸಾಗಿ ಕೈಗೆ ಬಂತು.

ಸಬ್ ಇನ್ಸ್‌ಪೆಕ್ಟರ್ ಯಶೋಧರಾ ಮೊಣಕಾಲೂರಿ ಕೂತು ಮುಂದಿನದನ್ನೂ ಎಳೆದಳು. ಅದೂ ಬಂತು. ಟೆಂಟಿನ ನಾಲ್ಕು ಮೂಲೆಯ ನಾಲ್ಕು ಗೂಟಗಳನ್ನೂ ಕಿತ್ತು ಪಕ್ಕದ ಕಲ್ಲಿನ ಮೇಲೆ ಸಾಲಾಗಿ ಇಟ್ಟು ನೋಡಿದಳು. ಟೆಂಟು ಹಳೆಯದು. ಬಿಸಿಲಿಗೆ ಬಣ್ಣ ಬಿಟ್ಟು, ಎರಡು ಕಡೆ ತೇಪೆ ಕಂಡಿತ್ತು. ಗೂಟಗಳು ಮಾತ್ರ ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿದ್ದವು. ಒಂದರ ಮೇಲೂ ಗೀರಿರಲಿಲ್ಲ.

ರಾರಾವಿಯ ನಂದಿನಿ ಕುರುಗೋಡು ಗುಡ್ಡದಿಂದ ಬಿದ್ದು ಸತ್ತು ಅಂದಿಗೆ ನಾಲ್ಕು ದಿನವಾಗಿತ್ತು.

ಕಾಗದದ ಮೇಲೆ ಅಷ್ಟೇ ಇತ್ತು. ಇಪ್ಪತ್ತಾರು ವರ್ಷದ ಹುಡುಗಿ, ಬಳ್ಳಾರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ರಜೆಯ ದಿನ ಜನರನ್ನು ಗುಡ್ಡ ಹತ್ತಿಸುವ ಹವ್ಯಾಸ. ಶನಿವಾರ ಸಂಜೆ ಬುಡದಲ್ಲಿ ಟೆಂಟ್ ಹಾಕಿದ್ದಾಳೆ. ಭಾನುವಾರ ಬೆಳಕು ಹರಿಯುವಾಗ ಮೇಲೆ ಹೋಗಿದ್ದಾಳೆ, ಕಾಲು ಜಾರಿದ್ದಾಳೆ. ಫೋನು ಅವಳ ಜೊತೆಯೇ ಬಿದ್ದು ಪುಡಿಯಾಗಿತ್ತು. ಯಾರೊಂದಿಗೆ ಮಾತಾಡಿದ್ದಳೆಂಬ ಪಟ್ಟಿ ಕಂಪನಿಯಿಂದ ಇನ್ನೂ ಬಂದಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಪಕ್ಕೀರಪ್ಪ ತಲೆಗೆ ಟವೆಲ್ ಹಾಕಿಕೊಂಡು ಬಂಡೆಯ ನೆರಳಿನಲ್ಲಿ ನಿಂತಿದ್ದ. ನಿವೃತ್ತಿಗೆ ಎಂಟು ತಿಂಗಳಿತ್ತು. ಈ ಕಡೆಯ ಗುಡ್ಡಗಳಲ್ಲಿ ಬಿದ್ದವರನ್ನು ಐದಾರು ಸಲ ಹೊತ್ತು ಇಳಿಸಿದವನು. ಇದೂ ಹಾಗೆಯೇ ಇರಬಹುದು, ಆ ತಾಯಿ ತಂದೆಗಳನ್ನು ಮತ್ತೆ ಮತ್ತೆ ಕೆದಕುವುದು ಬೇಡ ಎಂದು ಬೆಳಿಗ್ಗೆ ಜೀಪಿನಲ್ಲಿ ಬರುವಾಗ ಮೆಲ್ಲಗೆ ಹೇಳಿ ನೋಡಿದ್ದ.

ಯಶೋಧರಾಳಿಗೂ ಹಾಗೆ ಅನ್ನಿಸುತ್ತಿತ್ತು, ಎರಡು ಸಂಗತಿ ಇಲ್ಲದಿದ್ದರೆ.

ಒಂದು, ನಂದಿನಿಯ ಕಾಲಲ್ಲಿ ಶೂ ಇರಲಿಲ್ಲ. ಶೂ ಎರಡೂ ಟೆಂಟಿನೊಳಗೆ ಅಚ್ಚುಕಟ್ಟಾಗಿ ಕೂತಿದ್ದವು. ಹೊಸಬರಿಗೆ ಗುಡ್ಡ ಹತ್ತುವುದನ್ನು ಕಲಿಸುವವಳು ತಾನು ಬರಿಗಾಲಲ್ಲಿ ಹೋಗುತ್ತಾಳೆಯೇ?

ಎರಡು, ಅವಳ ನೋಟ್‌ಬುಕ್ಕು.

ಶಾಲೆಯ ಮಕ್ಕಳು ಬರೆಯುವಂಥ ಇನ್ನೂರು ಪುಟದ ಪುಸ್ತಕ ಅದು. ಸತ್ಯನಾರಾಯಣಪೇಟೆಯಲ್ಲಿ ನಂದಿನಿ ಬಾಡಿಗೆಗಿದ್ದ ಕೋಣೆಯಲ್ಲಿ ಸಿಕ್ಕಿತ್ತು. ಯಶೋಧರಾಳ ಮನೆಯೂ ಅದೇ ಪೇಟೆಯಲ್ಲಿ, ನಾಲ್ಕು ಬೀದಿ ಆಚೆ. ಒಮ್ಮೆಯಾದರೂ ತರಕಾರಿ ಗಾಡಿಯ ಹತ್ತಿರ ಈ ಹುಡುಗಿಯನ್ನು ನೋಡಿರಬೇಕು, ನೆನಪಿಗೆ ಬರುತ್ತಿಲ್ಲ ಎಂಬುದು ಅವಳನ್ನು ಕಾಡುತ್ತಿತ್ತು. ನೋಟ್‌ಬುಕ್ಕಿನಲ್ಲಿ ಒಂದೊಂದು ಗುಡ್ಡಕ್ಕೆ ಒಂದೊಂದು ಪುಟ. ಹತ್ತುವ ದಾರಿ ಎಲ್ಲಿಂದ ಶುರು, ಬುಡದಲ್ಲಿ ಟೆಂಟ್ ಹಾಕಲು ಸಮನಾದ ನೆಲ ಎಲ್ಲಿದೆ, ನೀರು ಎಷ್ಟು ದೂರ, ಯಾರನ್ನು ಕೇಳಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತದೆ. ಎಲ್ಲವನ್ನೂ ಆಡುಮಾತಿನಲ್ಲೇ ಬರೆದಿದ್ದಳು.

ಕುರುಗೋಡಿನ ಪುಟವನ್ನು ಯಶೋಧರಾ ಮತ್ತೊಮ್ಮೆ ಓದಿದಳು. 'ಮೆಟ್ಟಿಲ ಪಕ್ಕದ ಮೆತ್ತನ್ನ ನೆಲ ನೋಡಾಕ ಚಂದ. ಅಲ್ಲಿ ಹಾಕಬ್ಯಾಡ. ಮಳಿ ಬಂದ್ರ ನೀರು ಅಲ್ಲೇ ಇಳೀತೈತಿ. ನಮ್ಮ ಗುಡ್ಡದಾಗ ಗೂಟ ಬಡಿಯೋದು ಆಗದ ಮಾತು, ಕಲ್ಲಿಗೆ ಹಗ್ಗ ಕಟ್ಟಬೇಕು.'

ಈಗ ಟೆಂಟಿದ್ದದ್ದು ಆ ಮೆತ್ತನ್ನ ನೆಲದ ಮೇಲೆಯೇ. ನಾಲ್ಕು ಹೊಸ ಗೂಟಗಳ ಮೇಲೆ.

ಟೆಂಟಿನ ಹಗ್ಗಗಳನ್ನು ಪಕ್ಕೀರಪ್ಪನಿಗೆ ತೋರಿಸಿದಳು. ನಾಲ್ಕೂ ಹಗ್ಗಗಳ ತುದಿ ಕಲ್ಲಿಗೆ ಉಜ್ಜಿ ಉಜ್ಜಿ ಸವೆದು ನಾರು ಎದ್ದಿತ್ತು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, "ಹುಡುಕೋಣ ಬರ್ರಿ ಮೇಡಂ," ಎಂದ.

ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಮೆಟ್ಟಿಲ ದಾರಿ ಬಿಟ್ಟು ಎಡಕ್ಕೆ ಹತ್ತಿದರೆ ಎರಡು ದೊಡ್ಡ ಬಂಡೆಗಳ ನಡುವೆ ಒಬ್ಬರೇ ನುಸುಳುವಷ್ಟು ಸಂದಿ. ಅದರಾಚೆ ಒಂದು ಚಿಕ್ಕ ಸಮತಟ್ಟು. ಕೆಳಗಿನ ದಾರಿಯಿಂದ ಯಾರಿಗೂ ಕಾಣದು. ಹುಲ್ಲು ಚೌಕಾಕಾರವಾಗಿ ಒತ್ತಿ ಹಳದಿಯಾಗಿತ್ತು. ನಾಲ್ಕು ಮೂಲೆಗೆ ನಾಲ್ಕು ಕಲ್ಲುಗುಂಡು, ಒಂದಕ್ಕೆ ಹಗ್ಗದ ನಾರು ಇನ್ನೂ ಅಂಟಿಕೊಂಡಿತ್ತು. ಅಲ್ಲಿಂದ ಹತ್ತು ಹೆಜ್ಜೆ ಮುಂದೆ ನೆಲ ಮುಗಿದು ಬಂಡೆ ನೇರವಾಗಿ ಕೆಳಗಿಳಿಯುತ್ತಿತ್ತು.

ಯಶೋಧರಾ ಅಂಚಿಗೆ ಬಂದು ಬಗ್ಗಿ ನೋಡಿದಳು. ನಲವತ್ತು ಅಡಿ ಕೆಳಗೆ, ಭಾನುವಾರ ಶವ ಸಿಕ್ಕ ಜಾಗದಲ್ಲಿ ಪೊಲೀಸರು ಎಳೆದ ಸುಣ್ಣದ ಗೆರೆ ಇತ್ತು. ಅದರಾಚೆ ಹೊಲಗಳಲ್ಲಿ ಹರವಿದ ಕೆಂಪು ಮೆಣಸಿನಕಾಯಿ, ಅದನ್ನು ಹೊರಳಿಸುತ್ತಿದ್ದ ಹೆಂಗಸರು.

ನಂದಿನಿ ಗುಡ್ಡ ಹತ್ತಲು ಹೋಗಿರಲಿಲ್ಲ. ಮಲಗಿದ್ದವಳು ಎದ್ದು ಹೊರಗೆ ಓಡಿದ್ದಳು.

ಪುಟದ ಕೊನೆಯ ಸಾಲು ಈ ಜಾಗದ ಬಗ್ಗೆಯೇ ಇತ್ತು. 'ಸಂದಿ ಹಿಂದಿನ ಜಾಗ ಚಲೋ ಐತಿ. ಬಸ್ ಇಳಿದು ನಡಕೊಂಡು ಬರಬಹುದು. ಇಬ್ಬರಿಗೆ ಸಾಕು.'

ಆ ಮಾತು ಒಂದೇ ಪುಟದಲ್ಲಿರಲಿಲ್ಲ. ಹನ್ನೊಂದು ಗುಡ್ಡಗಳ ಹನ್ನೊಂದು ಪುಟಗಳ ಕೊನೆಗೂ ಇತ್ತು. ಇಬ್ಬರಿಗೆ ಸಾಕು. ನಂದಿನಿ ಹದಿನೈದು ಇಪ್ಪತ್ತು ಜನರನ್ನು ಜೀಪಿನಲ್ಲಿ ಕರೆತರುವವಳು. ಬಸ್ಸಿನಿಂದಿಳಿದು ಬರುವ ಒಬ್ಬರಿಗಾಗಿ ಅವಳು ಹನ್ನೊಂದು ಗುಡ್ಡಗಳ ಬುಡ ಯಾಕೆ ಹುಡುಕಿದಳು?

ಹುಲುಗೇಶನಿಗೆ ಫೋನ್ ಮಾಡಿಸಿದಳು.

ಬಾದನಹಟ್ಟಿಯ ಹುಲುಗೇಶ ನಂದಿನಿಯ ಜೊತೆಗಾರ. ಇಬ್ಬರೂ ಸೇರಿ ಎರಡು ವರ್ಷದ ಹಿಂದೆ 'ಬಂಡೆ ಬಳಗ' ಎಂದು ಹೆಸರಿಟ್ಟು ಚಾರಣ ಶುರುಮಾಡಿದ್ದರು. ಶವವನ್ನು ಮೊದಲು ಕಂಡವನೂ ಅವನೇ. ಬಳ್ಳಾರಿಯಿಂದ ಬರುವವರಿಗೆ ದಾರಿ ತೋರಿಸಲು ಏಳು ಗಂಟೆಗೆ ಬಂದೆ, ಆಗ ನೋಡಿದೆ ಎಂದು ಹೇಳಿಕೆ ಕೊಟ್ಟಿದ್ದ. ಈಗ ಬೈಕ್ ನಿಲ್ಲಿಸಿ ಮೇಲೆ ಹತ್ತಿ ಬಂದ. ಸಂದಿಯಿಂದಾಚೆ ಯಶೋಧರಾ ನಿಂತಿರುವುದನ್ನು ಕಂಡವನೇ ಅಲ್ಲೇ ನಿಂತ. ನಾಲ್ಕು ದಿನದ ಗಡ್ಡ, ಒಗೆಯದ ಅಂಗಿ.

ಅವಳು ಅಂಗೈ ಬಿಚ್ಚಿ ಒಂದು ಗೂಟ ತೋರಿಸಿದಳು.

"ಟೆಂಟ್ ಕೆಳಗ ಹಾಕಿದಾಕಿ ನಂದಿನಿ ಅಲ್ಲ, ಹುಲುಗೇಶ. ನೀನು."

ಅವನು ಗೂಟವನ್ನೇ ನೋಡುತ್ತಿದ್ದ. ಕೆಳಗಿನಿಂದ ಮೆಣಸಿನಕಾಯಿಯ ಘಾಟು ಗಾಳಿಯ ಜೊತೆ ಬಂತು. ಪಕ್ಕೀರಪ್ಪ ಕೆಮ್ಮಿದ.

"ಹೌದ್ರಿ," ಎಂದ ಹುಲುಗೇಶ.

"ಆಕಿ ಸತ್ತು ಬಿದ್ದಿದ್ಲು. ಹಂತಾ ಹೊತ್ತಿನಾಗ ಇದನ್ನೆಲ್ಲ ಮಾಡಾಕ ಕೈ ಹೆಂಗ ಬಂತು ನಿನಗ?"

"ಸತ್ತಿದ್ಲು ಅಂತಾನೇ ಬಂತ್ರಿ ಮೇಡಂ. ಬದುಕಿದ್ರ ಜನರಿಗೆ ತಾನೇ ಉತ್ತರ ಕೊಡತಿದ್ಲು. ಸತ್ತಾಕಿ ಏನ್ ಹೇಳತಾಳ್ರಿ?"

ಆಮೇಲೆ ಅವನು ನಿಲ್ಲಿಸದೆ ಹೇಳಿದ. ಏಳಕ್ಕಲ್ಲ, ಆರಕ್ಕೇ ಬಂದಿದ್ದ. ಕೆಳಗೆ ಅವಳನ್ನು ನೋಡಿದ, ಮೂಗಿನ ಹತ್ತಿರ ಕೈ ಹಿಡಿದ, ಎದೆಗೆ ಕಿವಿ ಇಟ್ಟ. ಏನೂ ಇರಲಿಲ್ಲ. ಮೇಲೆ ಓಡಿ ಬಂದರೆ ಟೆಂಟಿನ ಬಾಗಿಲು ತೆರೆದಿತ್ತು, ಶೂ ಹೊರಗಿದ್ದವು. ಒಳಗೆ ಎರಡು ಹಾಸಿಗೆ. ಒಂದು ನಂದಿನಿಯ ಮಲಗುಚೀಲ. ಅದರ ಪಕ್ಕಕ್ಕೆ ಒತ್ತಿಕೊಂಡು ಇನ್ನೊಬ್ಬರು ಮಲಗೆದ್ದಿದ್ದ ಒಂದು ಕೌದಿ.

ಅವನಿಗೆ ಅನುಮಾನ ಮೊದಲಿನಿಂದಲೂ ಇತ್ತು. ತಿಂಗಳಿಗೊಮ್ಮೆ ನಂದಿನಿ ಬಳಗದವರಿಗಿಂತ ಒಂದು ದಿನ ಮುಂಚೆ ಒಬ್ಬಳೇ ಹೋಗಿ ಟೆಂಟ್ ಹಾಕುತ್ತಿದ್ದಳು. ಯಾಕೆಂದು ಕೇಳಿದರೆ ಜಾಗ ನೋಡಬೇಕು ಎನ್ನುತ್ತಿದ್ದಳು. ಕಳೆದ ವರ್ಷ ಅವನು ಮದುವೆಯ ಮಾತೆತ್ತಿದಾಗ ಬೈಯಲಿಲ್ಲ, ನಗಲೂ ಇಲ್ಲ. ನನಗ ಒಂದು ಕೆಲಸ ಐತಿ, ಅದು ಮುಗೀಲಿ, ಆಮ್ಯಾಲೆ ಕೇಳು ಎಂದಿದ್ದಳು. ಬೇರೆ ಯಾರೋ ಇದ್ದಾನೆ ಎಂದು ಅವನು ತಿಳಿದುಕೊಂಡ. ಕೇಳುವ ಧೈರ್ಯ ಬರಲಿಲ್ಲ. ಭಾನುವಾರ ಕೌದಿ ನೋಡಿದ ಕೂಡಲೇ ಆ ಯಾರೋ ಇದ್ದದ್ದು ನಿಜ ಎನ್ನಿಸಿತು. ಮರೆಯ ಜಾಗ, ಎರಡು ಹಾಸಿಗೆ. ಪೊಲೀಸರು ಬರುತ್ತಾರೆ, ಮೊಬೈಲ್ ಹಿಡಿದವರು ಬರುತ್ತಾರೆ, ರಾರಾವಿಯಲ್ಲಿ ಅವಳ ಅವ್ವ ಕೇಳಬಾರದ್ದನ್ನೆಲ್ಲ ಕೇಳುತ್ತಾಳೆ. ಕೌದಿ ಸುತ್ತಿ ಬೈಕಿಗೆ ಕಟ್ಟಿದ. ಟೆಂಟನ್ನು ಕೆಳಗೆ ತಂದು ಎಲ್ಲರಿಗೂ ಕಾಣುವ ಕಡೆ ನಿಲ್ಲಿಸಿ, ಶೂಗಳನ್ನು ಒಳಗಿಟ್ಟ. ಕಲ್ಲು ಹೊಂದಿಸಿ ಕಟ್ಟುವಷ್ಟು ಹೊತ್ತಿರಲಿಲ್ಲ. ಚೀಲದ ತಳದಲ್ಲಿ ಯಾವತ್ತೂ ಬಳಸದ ಗೂಟಗಳಿದ್ದವು, ಮಣ್ಣು ಮೆತ್ತಗಿತ್ತು.

ಯಶೋಧರಾಳಿಗೆ ಸಿಟ್ಟು ಬಂದಿತ್ತು. ಅವನ ಮುಖ ನೋಡಿದ ಮೇಲೆ ಅದನ್ನು ಪೂರ್ತಿ ಆಡಲಾಗಲಿಲ್ಲ.

"ಆಕಿ ಹೆಸರು ಉಳಸಾಕ ಹೋಗಿ, ಆಕಿಗೆ ಏನಾತು ಅನ್ನೋದನ್ನ ಅಳಿಸಿಬಿಟ್ಟಿ," ಎಂದಳು. "ಪಕ್ಕದಾಗ ಮಲಗಿದ್ದವರು ಎಲ್ಲಾನೂ ನೋಡ್ಯಾರ. ನಾಲ್ಕು ದಿನ ನಾನು ಅವರನ್ನ ಹುಡುಕೇ ಇಲ್ಲ."

ಹುಲುಗೇಶ ಒತ್ತಿದ ಹುಲ್ಲಿನ ಪಕ್ಕ ಕುಸಿದು ಕೂತ. ಅವನು ಅಳುವುದು ಮುಗಿಯುವವರೆಗೆ ಪಕ್ಕೀರಪ್ಪ ಕಾದ. ಆಮೇಲೆ ತೋಳು ಹಿಡಿದು ಎಬ್ಬಿಸಿದ.

ಕೌದಿ ಬಾದನಹಟ್ಟಿಯಲ್ಲಿ, ಅವನ ಮನೆಯ ಹತ್ತಿ ತುಂಬುವ ಕೋಣೆಯಲ್ಲಿತ್ತು. ಯಶೋಧರಾ ಅದನ್ನು ಬಿಸಿಲಿಗೆ ಬಿಚ್ಚಿ ಹಿಡಿದಳು. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದದ್ದು, ನಾಲ್ಕು ಮೂಲೆಗೂ ಕೆಂಪು ಬಟ್ಟೆಯ ಮುಕ್ಕೋನ. ಗಂಡಸಿನದೊಂದು ಕೂದಲೂ ಇರಲಿಲ್ಲ. ಉದ್ದನೆಯ ಕೂದಲು ಎರಡಿದ್ದವು, ನಂದಿನಿಯ ಗುಂಗುರು ಕೂದಲಲ್ಲ, ನೀಳವಾದವು. ಮಡಿಕೆಯ ಒಳಗೆ ಒಂದು ಒಡೆದ ಗಾಜಿನ ಬಳೆ.

ಇದು ಹೆಂಗಸರ ಹಾಸಿಗೆ ಎಂದ ಪಕ್ಕೀರಪ್ಪ. ಹುಲುಗೇಶ ಆ ಬಳೆಯ ಚೂರನ್ನು ನೋಡಿದವನು ಗೋಡೆಯ ಕಡೆ ತಿರುಗಿಕೊಂಡ. ಅವನನ್ನು ಠಾಣೆಗೆ ಕಳಿಸಲು ಏರ್ಪಾಟು ಮಾಡಿ ಇಬ್ಬರೂ ಸಿರುಗುಪ್ಪದ ಆಚೆಯ ರಾರಾವಿಗೆ ಹೊರಟರು.

ಸಿರುಗುಪ್ಪ ದಾಟಿದ ಮೇಲೆ ದಾರಿಯುದ್ದಕ್ಕೂ ಭತ್ತದ ಕೊಯ್ಲು ನಡೆದಿತ್ತು. ಇಂಥ ಕೈ ಹೊಲಿಗೆಯನ್ನು ಊರ ಹೆಂಗಸರು ನೋಡಿದರೆ ಯಾವ ಊರಿನದು, ಯಾರ ಮನೆಯದು ಎಂದು ಹೇಳಬಲ್ಲರು. ಕೇಳಿ ನೋಡೋಣ ಎಂಬಷ್ಟೇ ಯಶೋಧರಾಳ ಲೆಕ್ಕಾಚಾರವಾಗಿತ್ತು.

ರಾರಾವಿಯ ಮನೆಯಲ್ಲಿ ನಂದಿನಿಯ ಫೋಟೋದ ಮುಂದೆ ದೀಪವಿತ್ತು. ತಂದೆ ಸುಂಕಣ್ಣ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಕಾಲುವೆಯ ನೀರಗಂಟಿ ಅವನು, ಹೊಲಹೊಲಕ್ಕೆ ನೀರು ಬಿಡುವವನು. ನಾಲ್ಕು ದಿನದಿಂದ ಕಾಲುವೆಯ ಕಡೆ ಹೋಗಿರಲಿಲ್ಲ. ಎದ್ದು ಕೈಮುಗಿದು ಮತ್ತೆ ಕೂತ. ತಾಯಿ ಉಚ್ಚೆಂಗೆಮ್ಮ ಒಳಗೆ ಗೋಡೆಗೊರಗಿದ್ದಳು. ಉಂಡಿರಾ ಎಂದು ಬಂದವರನ್ನು ಕೇಳಿದಳು. ತಾನು ಉಂಡಂತೆ ಕಾಣಲಿಲ್ಲ.

ಯಶೋಧರಾ ಅವಳ ಪಕ್ಕ ನೆಲದ ಮೇಲೆ ಕೂತಳು. ಪೊಲೀಸರಿಗೆ ಏನು ತಿಳಿಯಿತೆಂದು ಹೇಳದೆ, ಇದು ಯಾರ ಕೈ ಹೊಲಿಗೆ ಇರಬಹುದೆಂದು ಮಾತ್ರ ಕೇಳಿ ಕೌದಿಯನ್ನು ಮಡಿಲಲ್ಲಿಟ್ಟಳು.

ಉಚ್ಚೆಂಗೆಮ್ಮ ಮೂಲೆಯ ಮುಕ್ಕೋನ ಮುಟ್ಟಿದಳು. ಕೈ ಅಲ್ಲೇ ನಿಂತಿತು. ಆಮೇಲೆ ಅಂಚು ಹಿಡಿದು, ಕಣ್ಣು ಮುಚ್ಚಿ, ಹೊಲಿಗೆಯ ಗುಂಟ ಬೆರಳಾಡಿಸುತ್ತ ಹೋದಳು. ಒಂದು ಕಡೆ ಬಿಳಿ ನೂಲು ಮುಗಿದು ನೀಲಿ ನೂಲು ಶುರುವಾಗಿತ್ತು. ಅಲ್ಲಿಗೆ ಬಂದಾಗ ಕಣ್ಣು ತೆರೆದಳು.

"ಇದನ್ನ ಎಲ್ಲಿಂದ ತಂದ್ರಿ ಯಮ್ಮಾ?" ಎಂದಳು. "ಇದು ಮಣ್ಣಾಗ ಇರಬೇಕಾದ್ದು."

ಯಶೋಧರಾಳಿಗೆ ಅರ್ಥವಾಗಲಿಲ್ಲ. ಮುದುಕಿ ಬಿಡಿಸಿ ಹೇಳಿದಳು. ನಂದಿನಿಗೆ ಒಬ್ಬ ಅಕ್ಕ ಇದ್ದಳು, ಚೈತ್ರಾ. ಆಂಧ್ರದ ಕಡೆಗೆ ಕೊಟ್ಟಿದ್ದರು. ಗಂಡನ ಮನೆಗೆ ಕಳಿಸುವಾಗ ಈ ಕೌದಿ ಹೊಲಿದು ಕೊಟ್ಟದ್ದು. ಏಳು ವರ್ಷದ ಹಿಂದೆ ಉಚ್ಚೆಂಗೆಮ್ಮ ಗರ್ಭಕೋಶದ ಆಪರೇಷನ್ ಆಗಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಚೈತ್ರಾ ಕಾಮಾಲೆಯಾಗಿ ತೀರಿಕೊಂಡಳೆಂದು ಸುದ್ದಿ ಬಂತು. ತಾಯಿಗೆ ಏಳಲೂ ಆಗುತ್ತಿರಲಿಲ್ಲ. ಸುಂಕಣ್ಣ ಒಬ್ಬನೇ ಹೋಗಿ ಮಣ್ಣು ಹಾಕಿ ಬಂದ. ನೀನು ಹೊಲಿದ ಕೌದಿಯನ್ನೇ ನನ್ನ ಕೈಯಾರೆ ಹೊದಿಸಿ ಮಲಗಿಸಿದೆ, ಚಳಿ ಆಗೋದಿಲ್ಲ ಮಗಳಿಗೆ ಎಂದು ಹೇಳಿದ್ದ. ವರ್ಷ ವರ್ಷ ಆ ದಿನ ಅವಳು ಎಡೆ ಇಡುತ್ತಿದ್ದಳು.

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ತಾನು ಏನು ಹೇಳುತ್ತಿದ್ದೇನೆಂದು ಅವಳಿಗೇ ಆಗ ಕೇಳಿಸಿರಬೇಕು. ಬಾಗಿಲ ಕಡೆ ತಿರುಗಿದಳು.

ಸುಂಕಣ್ಣ ಕಟ್ಟೆಯಿಂದೆದ್ದು ಹೊಸ್ತಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಒಳಗೆ ಬರಲಿಲ್ಲ, ಚೌಕಟ್ಟು ಹಿಡಿದುಕೊಂಡು ಹಾಗೇ ಕೆಳಗೆ ಕೂತ.

"ನಾನು ಯಾರಿಗೂ ಮಣ್ಣು ಹಾಕಿಲ್ಲ," ಎಂದ.

ಕೂತಲ್ಲಿಂದಲೇ ಹೇಳತೊಡಗಿದ.

ಚೈತ್ರಾ ಗಂಡನ ಹೊಡೆತ ತಾಳದೆ ಎರಡು ಸಲ ತವರಿಗೆ ಬಂದಿದ್ದಳು. ಎರಡು ಸಲವೂ ಅಪ್ಪನೇ ಬಸ್ಸು ಹತ್ತಿಸಿ ವಾಪಸು ಕಳಿಸಿದ್ದ. ಮೂರನೇ ಸಲ ಅವಳು ತವರಿಗೆ ಬರಲಿಲ್ಲ. ಗಂಡನ ಕಡೆಯವರು ಬಂದು ಯಾರ ಜೊತೆಯೋ ಓಡಿ ಹೋದಳು ಎಂದರು. ಆಸ್ಪತ್ರೆಯಲ್ಲಿ ಮಲಗಿದ ಹೆಂಡತಿಗೆ, ಊರಿಗೆ ಏನು ಹೇಳಬೇಕು?

"ಓಡಿ ಹೋದ್ಲು ಅನ್ನಾಕ ಬಾಯಿ ಬರಲಿಲ್ಲ. ಸತ್ತಳು ಅನ್ನೋದು ಹಗುರ ಆತು," ಎಂದ ಸುಂಕಣ್ಣ.

ಅವಳು ಯಾರ ಜೊತೆಯೂ ಹೋಗಿರಲಿಲ್ಲ ಎಂದು ಗೊತ್ತಾದದ್ದು ಎರಡು ವರ್ಷದ ಹಿಂದೆ. ನಂದಿನಿಯ ಲ್ಯಾಬಿಗೆ ರಕ್ತ ಕೊಡಲು ಬಂದವಳು ಬೇರೆ ಹೆಸರು ಹೇಳಿದ್ದಳು. ಸೂಜಿ ಹಿಡಿದ ತಂಗಿ ತಲೆಯೆತ್ತಿ ನೋಡಿದರೆ ಅಕ್ಕ. ನಂದಿನಿ ಆ ದಿನವೇ ಊರಿಗೆ ಬಂದು ಅಪ್ಪನನ್ನು ಕಾಲುವೆಯ ಮೇಲೆ ನಿಲ್ಲಿಸಿ ಕೇಳಿದಳು. ಅವನು ಕೈಮುಗಿದು ಬೇಡಿಕೊಂಡ. ಮನೆಗೆ ಕರೆತರಬೇಡ, ಅವ್ವನಿಗೆ ಹೇಳಬೇಡ, ಊರಲ್ಲಿ ನಾನು ತಲೆಯೆತ್ತುವಂತಿಲ್ಲ ಎಂದ. ನಂದಿನಿಯ ಕೋಣೆಯ ಮಾಲೀಕರು ಸಿರುಗುಪ್ಪದ ಕಡೆಯವರು, ಅಲ್ಲೂ ಆಗದು. ಲಾಡ್ಜಿನಲ್ಲಿ ಆಧಾರ್ ಕೇಳುತ್ತಾರೆ, ಚೈತ್ರಾ ತನ್ನ ಹೆಸರನ್ನು ಎಲ್ಲೂ ಬರೆಸಲು ಹೆದರುತ್ತಿದ್ದಳು.

"ಅದಕ್ಕ ಆಕಿ ಗುಡ್ಡ ಹುಡುಕಿದ್ಲು ಮೇಡಂ. ಗುಡ್ಡದ ಬುಡದಾಗ ಯಾರೂ ಹೆಸರು ಕೇಳಂಗಿಲ್ಲಂತ. ತಿಂಗಳಿಗೊಮ್ಮಿ ಅಕ್ಕನ ಪಕ್ಕ ಮಲಗಿ ಬರತೀನಪ್ಪಾ ಅಂತಿದ್ಲು. ಅವ್ವಗ ಹೇಳು, ನೀ ಹೇಳಿದ್ರ ನನಗ ಟೆಂಟೇ ಬ್ಯಾಡ ಅಂತಿದ್ಲು."

ಉಚ್ಚೆಂಗೆಮ್ಮ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೌದಿಯನ್ನು ಎರಡೂ ಕೈಯಲ್ಲಿ ಒಟ್ಟು ಮಾಡಿ ಹೊಟ್ಟೆಗೆ ಒತ್ತಿಕೊಂಡಳು.

ಯಶೋಧರಾ ಮಾತ್ರ ಮುಂದಿನದನ್ನು ಕೇಳಲೇಬೇಕಿತ್ತು. ಭಾನುವಾರದ ನಂತರ ಚೈತ್ರಾ ಸಿಕ್ಕಳೇ?

ಸುಂಕಣ್ಣ ತಲೆ ತಗ್ಗಿಸಿದ. ಭಾನುವಾರ ಹನ್ನೊಂದರ ಹೊತ್ತಿಗೆ, ಆಸ್ಪತ್ರೆಯಲ್ಲಿ ನಂದಿನಿಯ ಶವಕ್ಕಾಗಿ ಕಾಯುತ್ತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಏಳು ವರ್ಷದ ಮೇಲೆ ಕೇಳಿದ ದನಿ. ಅಪ್ಪಾ, ನಂದಿನಿ ತಾನಾಗಿ ಬಿದ್ದಿಲ್ಲ, ನನಗೆ ಅಡ್ಡ ನಿಂತಳು ಎಂದಿತು. ಅವನು ಮುಂದೆ ಕೇಳಿಸಿಕೊಳ್ಳಲಿಲ್ಲ.

"ನಿನ್ನಿಂದಲೇ ಆಕಿ ಹೋದ್ಲು ಅಂದೆ. ಕಟ್ ಮಾಡಿದೆ."

ಯಶೋಧರಾ ಅವನ ಕೈಯಿಂದ ಫೋನ್ ತೆಗೆದುಕೊಂಡಳು. ಭಾನುವಾರದ ಆ ನಂಬರು ಅಲ್ಲೇ ಇತ್ತು. ಅಡ್ಡ ನಿಂತಳು ಎಂದರೆ ಎದುರಿಗೆ ಒಬ್ಬ ಇದ್ದ. ಅವನು ಯಾರೆಂದು ಹೇಳಬಲ್ಲ ಒಂದೇ ಜೀವ ಈ ನಂಬರಿನ ಆಚೆ ಇತ್ತು. ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

ಬಹಳ ಹೊತ್ತು ಹೊಡೆದುಕೊಂಡ ಮೇಲೆ ಯಾರೋ ಎತ್ತಿದರು. ಉಸಿರು ಕೇಳಿಸಿತು. ಆಮೇಲೆ ಒಂದು ಪುಟ್ಟ ಹೆಣ್ಣುದನಿ ಹಲೋ ಎಂದಿತು.

ತಾತನ ಊರಿನಿಂದ ಮಾತಾಡುತ್ತಿದ್ದೇನೆ, ಅಮ್ಮ ಎಲ್ಲಿ ಎಂದು ಯಶೋಧರಾ ಮೆಲ್ಲಗೆ ಕೇಳಿದಳು. ಮಗು ಪಾಠ ಒಪ್ಪಿಸುವಂತೆ ಹೇಳಿತು. ಅಮ್ಮ ಮನೆಯಲ್ಲಿಲ್ಲ. ಭಾನುವಾರ ಬಂದು ಫೋನ್ ಮಾಡಿ ಅತ್ತಳು. ಫೋನನ್ನು ತನ್ನ ಕೈಗೆ ಕೊಟ್ಟು, ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಟ್ಟು, ಚಿಕ್ಕಮ್ಮನ ಮುಖ ಒಂದು ಸಲ ನೋಡಿ ಬರುತ್ತೇನೆಂದು ತಾತನ ಊರಿಗೆ ಹೋದಳು. ಇನ್ನೂ ಬಂದಿಲ್ಲ.

ಪಕ್ಕೀರಪ್ಪ ಆಗಲೇ ಅಂಗಳಕ್ಕಿಳಿದು ಸಿರುಗುಪ್ಪದ ಬಸ್ ನಿಲ್ದಾಣಕ್ಕೆ ಫೋನ್ ಹಚ್ಚಿದ್ದ. ನಾಲ್ಕು ದಿನ. ನೂರಾರು ಜನ ಬಂದು ಹೋದ ನಂದಿನಿಯ ಮಣ್ಣುಕಾರ್ಯದಲ್ಲಿ ಚೈತ್ರಾಳನ್ನು ಯಾರೂ ಕಂಡಿರಲಿಲ್ಲ.

"ಅಮ್ಮ ನಿಮ್ಮ ಊರಾಗ ಅದಾಳಲ್ಲ?" ಎಂದಿತು ಮಗು.

ಯಶೋಧರಾ ಬಾಯಿ ತೆರೆಯುವ ಮೊದಲೇ ಉಚ್ಚೆಂಗೆಮ್ಮ ಕೈ ಚಾಚಿ ಫೋನ್ ಇಸಿದುಕೊಂಡಳು. ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದಳು.

"ಇಲ್ಲೇ ಅದಾಳ ನನ್ನ ಬಂಗಾರಾ. ಮಲಗ್ಯಾಳ."



"ಎಬ್ಬಸು," ಎಂದಿತು ಮಗು. "ನಾ ಮಾತಾಡತೀನಿ."